ನಿಕಾಹ್‌ಗೆ ಮುನ್ನ

ಪ್ರೀತಿಯ ಮಗನೇ,

ಅಸ್ಸಲಾಮು ಅಲೈಕುಮ್. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲು ನನಗೆ ನಾಲಿಗೆ ಏಳಲಿಲ್ಲ. ಮಕ್ಕಳು ಪಕ್ಕದಲ್ಲೇ ಕುಳಿತಿದ್ದರು. "ಮೊದಲ ರಾತ್ರಿ ಹಾಸಿಗೆಯ ಮೇಲೆ ರಕ್ತದ ಕಲೆ ಕಾಣಿಸದಿದ್ದರೆ ದೀನ್, ಅಂದರೆ ನಮ್ಮ ಧರ್ಮ, ಏನು ಹೇಳುತ್ತದೆ ಮಾಮು?" ಎಂದೆಯಲ್ಲ, ಆ ಹುಳವನ್ನು ನಿನ್ನ ತಲೆಗೆ ಬಿಟ್ಟವರು ಯಾರೇ ಇರಲಿ, ಅವರ ಮಾತನ್ನು ಅಲ್ಲಿಗೇ ಬಿಟ್ಟುಬಿಡು.

ಕುರ್‌ಆನಿನಲ್ಲಿ ಅಂಥ ಪರೀಕ್ಷೆಯೇ ಇಲ್ಲ. ಅದು ರೂಢಿ, ಮುಸ್ಲಿಮರಲ್ಲದ ಎಷ್ಟೋ ಸಮಾಜಗಳಲ್ಲಿಯೂ ಇದ್ದ ರೂಢಿ. ಮೊದಲ ಸಲ ರಕ್ತವೇ ಬಾರದ ಹೆಂಗಸರು ಅನೇಕರಿದ್ದಾರೆ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕರೆ ಕೊಟ್ಟಿದೆ. ದೀನಿನ ಮಾತೇ ಬೇಕೆಂದರೆ ಕುರ್‌ಆನಿನ ಸೂರಾ ನೂರ್ ಅಧ್ಯಾಯ ತೆರೆದು ನೋಡು. ಶೀಲವಂತ ಹೆಣ್ಣಿನ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವನಿಗೆ ಅಲ್ಲಿರುವುದು 80 ಛಡಿಯೇಟು. ಹೆಣ್ಣಿನ ಮಾನವನ್ನು ಅಷ್ಟು ಜೋಪಾನ ಮಾಡಿದ ಗ್ರಂಥವನ್ನು ಓದುವವನು ಒಂದು ಬಟ್ಟೆಯ ಕಲೆ ನೋಡಿ ತೀರ್ಪು ಕೊಡುವುದೇ? ಅದೇ ಸೂರಾದಲ್ಲಿ ದೃಷ್ಟಿ ತಗ್ಗಿಸಿರೆಂಬ ಆದೇಶ 30ನೇ ಆಯತ್ತಿನಲ್ಲಿ, ಅಂದರೆ ವಚನದಲ್ಲಿ, ಗಂಡಸರಿಗೆ ಬರುತ್ತದೆ. ಹೆಂಗಸರಿಗೆ ಅದರ ನಂತರ. ನಮ್ಮ ಮನೆಗಳಲ್ಲಿ ಅದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ.

ಹಯಾ, ಅಂದರೆ ಲಜ್ಜೆ, ಈಮಾನಿನ (ವಿಶ್ವಾಸದ) ಭಾಗ ಎಂದು ನಿನಗೂ ಕಲಿಸಿದ್ದೇವೆ. ಆದರೆ ಹಯಾ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಹೆಣ್ಣಿಗೂ ಸ್ವಪ್ನಸ್ಖಲನವಾದರೆ ಗುಸ್ಲ್, ಅಂದರೆ ಶುದ್ಧಿಸ್ನಾನ, ಕಡ್ಡಾಯವೇ ಎಂದು ಉಮ್ಮು ಸುಲೈಮ್ ಎಂಬ ಮಹಿಳೆ ಪ್ರವಾದಿಯವರನ್ನೇ ನೇರವಾಗಿ ಕೇಳಿದರು. ಸತ್ಯದ ವಿಷಯದಲ್ಲಿ ಅಲ್ಲಾಹನು ಸಂಕೋಚ ಪಡುವುದಿಲ್ಲ ಎಂದೇ ಮಾತು ಆರಂಭಿಸಿದರು. ಉತ್ತರವೂ ಸಿಕ್ಕಿತು. ಧರ್ಮವನ್ನು ಅರಿಯಲು ನಾಚಿಕೆ ಅಡ್ಡಬಾರದ ಮದೀನಾದ ಅನ್ಸಾರಿ ಮಹಿಳೆಯರನ್ನು ಪ್ರವಾದಿಯವರ ಪತ್ನಿ ಆಯಿಶಾ ಮೆಚ್ಚಿ ಹೊಗಳಿದ್ದಾರೆ. 1111ರಲ್ಲಿ ತೀರಿಕೊಂಡ ಧರ್ಮಪಂಡಿತ ಇಮಾಮ್ ಗಝಾಲಿ, ಹೆಂಡತಿಗೂ ತೃಪ್ತಿಯಾಗುವ ತನಕ ಗಂಡ ಕಾಯಬೇಕು ಎಂದು ತಮ್ಮ ಇಹ್ಯಾ ಗ್ರಂಥದಲ್ಲಿ ಬರೆದರು. ಇರಾನಿನಲ್ಲಿ 1990ರ ದಶಕದಲ್ಲಿ ಮದುವೆಗೆ ಮುನ್ನ ವಧೂವರರು ಕುಟುಂಬ ಯೋಜನೆಯ ತರಗತಿಗೆ ಹಾಜರಾಗಬೇಕಿತ್ತು. ನಮ್ಮ ಹಿರಿಯರು ಮಾತ್ರ ನನಗೆ ಹೇಳಿದ್ದು ಒಂದೇ ಮಾತು: "ಎಲ್ಲಾ ತಾನಾಗಿಯೇ ತಿಳಿಯುತ್ತದೆ."

ತಿಳಿಯಲಿಲ್ಲ, ಮಗನೇ. ಆ ರಾತ್ರಿ ನಿನ್ನ ಮಾಮಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಿಗಿದು ಬಿಗಿದು ಬೆರಳ ತುದಿ ಬಿಳುಚಿಕೊಂಡಿತ್ತು. ನಾನು ಅದನ್ನು ನಾಚಿಕೆ ಎಂದುಕೊಂಡೆ. ಅದು ಭಯವಾಗಿತ್ತೆಂದು ಅವಳು ಹೇಳಿದ್ದು ಹನ್ನೊಂದು ವರ್ಷಗಳ ನಂತರ. ಈ ಕಾಗದದಲ್ಲಿ ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ, ಬರೆಯಲೇಬೇಕು ಎಂದಿದ್ದಾಳೆ.

ಲಜ್ಜೆಯ ಹುಡುಗಿಯ ಮೌನವೇ ನಿಕಾಹ್‌ಗೆ ಸಮ್ಮತಿ ಎಂಬ ಹದೀಸನ್ನು, ಅಂದರೆ ಪ್ರವಾದಿಯವರ ನುಡಿಯನ್ನು, ನೀನು ಕೇಳಿರುತ್ತೀಯೆ. ತನಗೆ ಇಷ್ಟವಿಲ್ಲದ ಮದುವೆಯನ್ನು ತಂದೆ ಮಾಡಿಸಿದಾಗ ಖನ್ಸಾ ಬಿಂತ್ ಖಿದಾಮ್ ದೂರು ಕೊಟ್ಟರು, ಪ್ರವಾದಿಯವರು ಆ ಮದುವೆಯನ್ನೇ ರದ್ದುಗೊಳಿಸಿದರು ಎಂಬುದೂ ಹದೀಸಿನಲ್ಲಿಯೇ ಇದೆ. ಮೌನದ ಮಾತನ್ನು ನಿಕಾಹ್‌ನ ಬಾಗಿಲಲ್ಲೇ ಬಿಡು, ಕೋಣೆಯೊಳಗೆ ತರಬೇಡ. ಅಲ್ಲಿ ಕೇಳು. ಅವಳು ಇವತ್ತು ಬೇಡವೆಂದರೆ ಇವತ್ತು ಬೇಡ. "ಅವರು ನಿಮಗೆ ಉಡುಪು, ನೀವು ಅವರಿಗೆ ಉಡುಪು" ಎಂಬ ಮಾತು ರಂಜಾನ್ ಉಪವಾಸದ ನಿಯಮಗಳನ್ನು ಹೇಳುವ ಆಯತ್ತಿನ ಒಳಗೇ ಇದೆ. ಇಬಾದತ್ (ಆರಾಧನೆ) ಬೇರೆ, ದೇಹ ಬೇರೆ ಎಂದು ಅಲ್ಲಿ ಗೋಡೆ ಕಟ್ಟಿಲ್ಲ.

ಮದುವೆಗೆ ಮುನ್ನ ಇಬ್ಬರೂ ಒಮ್ಮೆ ವೈದ್ಯರನ್ನು ಕಂಡು ಬನ್ನಿ. ಮಗು ಯಾವಾಗ ಎಂಬುದನ್ನು ನೀವಿಬ್ಬರೇ ಮಾತಾಡಿಕೊಳ್ಳಿ. ಉಳಿದದ್ದೇನಾದರೂ ಕೇಳಬೇಕೆನಿಸಿದರೆ ರಾತ್ರಿಯ ಇಶಾ ನಮಾಜಿನ ನಂತರ ಫೋನ್ ಮಾಡು. ಆ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ.

ನಿನ್ನ
ಮಾಮು