ಆನೆ ಮುಖದ ಕ್ರೋಶಾ ಚೀಲ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಪುಟ್ಟಿಗೆ ಆನೆ ಮುಖದ ಕ್ರೋಶಾ ಬ್ಯಾಗ್ ಹಾಕಿಕೊಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯಲ್ಲ. ಫೋನಿನಲ್ಲಿ ಹೇಳಿದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಹಲವರಿಗೆ ಇರುತ್ತದೆ, ಹಾಗಾಗಿ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ.

ಇಂಥ ಚೀಲ ಹಾಕುವಾಗ ಎಲ್ಲರ ಗಮನವೂ ಸೊಂಡಿಲು, ಕಿವಿ, ಕಣ್ಣಿನ ಮೇಲೆಯೇ ಇರುತ್ತದೆ. ಚೀಲ ಕೆಡುವುದು ಮಾತ್ರ ಅಲ್ಲಲ್ಲ, ಹಿಗ್ಗುವುದರಲ್ಲಿ. ಕ್ರೋಶಾ ಹೆಣಿಗೆ ಭಾರ ಬಿದ್ದಷ್ಟೂ ಕೆಳಗೆ ಎಳೆಯುತ್ತದೆ. ಎರಡು ಪುಸ್ತಕ, ಒಂದು ನೀರಿನ ಬಾಟಲಿ ಹಾಕಿ ಹೆಗಲಿಗೇರಿಸಿದರೆ ಸಾಕು, ಬಾಯಿ ಜೋಲು ಬಿದ್ದು, ಹಿಡಿ ಉದ್ದವಾಗಿ, ಆನೆಯ ಮುಖವೂ ಅದರ ಜೊತೆಗೇ ಇಳಿದುಹೋಗುತ್ತದೆ. ಆದ್ದರಿಂದ ದಾರ, ಕಡ್ಡಿ, ತಳ, ಹಿಡಿ, ಲೈನಿಂಗ್ ಎಲ್ಲವನ್ನೂ ಹಿಗ್ಗದ ಹಾಗೆ ಆರಿಸಿಕೋ. ಮುಖ ಆಮೇಲೆ ತಾನಾಗಿ ಸರಿ ಕೂರುತ್ತದೆ.

ದಾರ ಹತ್ತಿಯದೇ ಇರಲಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಬಹಳ ಸಲ ಅಕ್ರಿಲಿಕ್. ಗೊಂಬೆಗೆ, ಶಾಲಿಗೆ ಅದು ಚೆನ್ನ, ಚೀಲಕ್ಕೆ ಬೇಡ. ಭಾರಕ್ಕೆ ಎಳೆಯುತ್ತದೆ, ಉಜ್ಜಿದ ಕಡೆ ಗುಂಜು ಏಳುತ್ತದೆ. 100 ಗ್ರಾಂಗೆ ಸುಮಾರು 150 ಮೀಟರ್ ಬರುವ ದಪ್ಪದ ಹತ್ತಿ ನೂಲು ತಗೋ. ಬೂದು ಬಣ್ಣ 400 ಗ್ರಾಂ, ಕಿವಿಯ ಒಂದು ಮಗ್ಗುಲಿಗೆ ತಿಳಿ ಗುಲಾಬಿ 50 ಗ್ರಾಂ, ಕಸೂತಿಗೆ ಕಪ್ಪು, ಕಡು ಬೂದು, ಬಿಳಿ ಸ್ವಲ್ಪ ಸ್ವಲ್ಪ. ಬೂದು ದಾರವನ್ನು ಪೂರ್ತಿ ಒಂದೇ ಸಲ ಕೊಳ್ಳು, ಲೇಬಲ್ಲಿನ ಮೇಲಿನ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು, ಒಂದೇ ಇದೆಯಾ ನೋಡಿಕೋ. ಬೇರೆ ಬೇರೆ ಲಾಟಿನ ಬೂದು ಅಂಗಡಿಯ ದೀಪದಲ್ಲಿ ಒಂದೇ ಥರ ಕಾಣುತ್ತದೆ, ಬಿಸಿಲಿಗೆ ಬಂದಾಗ ಚೀಲದ ಮಧ್ಯೆ ಪಟ್ಟೆ ಎದ್ದು ಕಾಣುತ್ತದೆ. ಗುಲಾಬಿ ಮತ್ತು ಕಪ್ಪು ದಾರದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡು. ಬಣ್ಣ ಬಿಟ್ಟರೆ ಆ ದಾರ ಬೇಡವೇ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುತ್ತಾರೆ, ಅದನ್ನು ನಂಬಿಕೊಂಡು ಕೂರಬೇಡ.

ಅಮ್ಮ ಸೀರೆ ಕುಚ್ಚು ಹಾಕುವುದನ್ನು ನೋಡಿ ಬೆಳೆದವನು ನೀನು, ಚೈನ್ ಹಾಕುವುದು ಕೈಗೆ ಬಂದಿದೆ. ಕುಚ್ಚಿನ ಸಣ್ಣ ಸ್ಟೀಲ್ ಕಡ್ಡಿ ಇಲ್ಲಿ ನಡೆಯುವುದಿಲ್ಲ. ಈ ದಾರದ ಲೇಬಲ್ಲಿನಲ್ಲಿ ಸಾಮಾನ್ಯವಾಗಿ 4.5 ಅಥವಾ 5 ಮಿ.ಮೀ. ಕಡ್ಡಿ ಅಂತ ಬರೆದಿರುತ್ತದೆ. ನೀನು 4 ಮಿ.ಮೀ. ತಗೋ, ಜೊತೆಗೆ ಒಂದು 3.5. ಕಡ್ಡಿ ಸಣ್ಣದಾದಷ್ಟೂ ಹೆಣಿಗೆ ಗಟ್ಟಿ. ಇಡೀ ಚೀಲ ಸಿಂಗಲ್ ಕ್ರೋಶಾದಲ್ಲೇ: ಕಡ್ಡಿ ತೂರಿಸಿ ದಾರ ಎಳೆದುಕೋ, ಮತ್ತೆ ದಾರ ಸುತ್ತಿ ಎರಡೂ ಕುಣಿಕೆಯಿಂದ ಒಟ್ಟಿಗೆ ಹೊರಗೆ ತೆಗಿ. ದಾರವನ್ನು ಇನ್ನೂ ಹೆಚ್ಚು ಸಲ ಸುತ್ತಿ ಎಳೆಯುವ ಎತ್ತರದ ಸ್ಟಿಚ್, ಅಂದರೆ ಉದ್ದ ಕಂಬ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಕಂಬಗಳ ನಡುವಿನ ಕಿಂಡಿಯಲ್ಲಿ ಪೆನ್ನು ಹೊರಗೆ ಬರುತ್ತದೆ, ಚೀಲವೂ ಹಿಗ್ಗುತ್ತದೆ. ಮೊದಲ ಸಲ ದಾರ ಎಳೆಯುವಾಗ ಅದನ್ನು ಕಡ್ಡಿಗೆ ಸುತ್ತಿಕೊಳ್ಳದೆ, ಕಡ್ಡಿಯನ್ನೇ ದಾರದ ಮೇಲಿಂದ ಹಾಯಿಸಿ ಕೊಕ್ಕೆಯಲ್ಲಿ ಸಿಕ್ಕಿಸಿ ಎಳೆದು ನೋಡು. ಸ್ಟಿಚ್ ಇಂಗ್ಲಿಷಿನ ವಿ ಆಕಾರದ ಬದಲು ಗುಣಾಕಾರದ ಗುರುತಿನ ಹಾಗೆ ಬೀಳುತ್ತದೆ. ಅದು ಹೆಚ್ಚು ಬಿಗಿ, ವಾಲುವುದೂ ಕಡಿಮೆ. ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿ.

ಶುರು ಮಾಡುವ ಮುಂಚೆ 20 ಸ್ಟಿಚ್ ಅಗಲ, 20 ಸಾಲು ಉದ್ದದ ಒಂದು ತುಂಡು ಹಾಕಿ ನಡುಭಾಗವನ್ನು ಅಳೆ. ನಾನು ಕೊಡುವ ಲೆಕ್ಕ 10 ಸೆಂ.ಮೀ.ಗೆ 16 ಸ್ಟಿಚ್, 18 ಸಾಲು ಬಂದರೆ ಸರಿಹೋಗುತ್ತದೆ. ನಿನಗೆ 14 ಬಂದರೆ ಕೈ ಸಡಿಲ, 3.5ಕ್ಕೆ ಇಳಿ.

ತಳ ಮೊಟ್ಟೆಯಾಕಾರದ್ದು. 41 ಚೈನ್ ಹಾಕು. ಕಡ್ಡಿಯಿಂದ ಎರಡನೇ ಚೈನಿನಿಂದ ಶುರು ಮಾಡಿ 39 ಸಿಂಗಲ್, ಕೊನೆಯ ಚೈನಿನಲ್ಲಿ 3. ಹಾಗೇ ತಿರುಗಿ ಚೈನಿನ ಇನ್ನೊಂದು ಮಗ್ಗುಲಲ್ಲಿ 38, ಶುರು ಮಾಡಿದ ಜಾಗದಲ್ಲೇ ಇನ್ನೂ 2. ಒಟ್ಟು 82. ಇಲ್ಲಿಂದ ಸುತ್ತಿಗೆ 6 ಹೆಚ್ಚಿಸುತ್ತಾ ಹೋಗು (ಹೆಚ್ಚಿಸುವುದು ಅಂದರೆ ಒಂದೇ ಸ್ಟಿಚ್ಚಿನಲ್ಲಿ ಎರಡು ಸಿಂಗಲ್), ಈ ತುದಿಯಲ್ಲಿ 3, ಆ ತುದಿಯಲ್ಲಿ 3. 88, 94, 100, 106, ಆರನೇ ಸುತ್ತಿಗೆ 112. ಹೆಚ್ಚಿಸುವ ಜಾಗವನ್ನು ಸುತ್ತು ಸುತ್ತಿಗೂ ಸ್ವಲ್ಪ ಆಚೀಚೆ ಸರಿಸು. ಒಂದರ ಮೇಲೊಂದು ಬಂದರೆ ತುದಿ ದುಂಡಾಗದೆ ಮೂಲೆ ಏಳುತ್ತದೆ. ಪ್ರತಿ ಸುತ್ತು ಮುಗಿದಾಗ ತಳವನ್ನು ಮೇಜಿನ ಮೇಲಿಟ್ಟು ನೋಡು. ಅಂಚು ನಿರಿಗೆ ನಿರಿಗೆಯಾದರೆ ಹೆಚ್ಚು ಹಾಕಿದ್ದೀಯ, ಬಟ್ಟಲಿನ ಹಾಗೆ ಮೇಲೆದ್ದರೆ ಎಲ್ಲೋ ಬಿಟ್ಟಿದ್ದೀಯ. ಆಮೇಲೆ ಸರಿಮಾಡೋಣ ಅಂದರೆ ಆಗುವುದಿಲ್ಲ, ಆಗಲೇ ಬಿಚ್ಚು.

ಏಳನೇ ಸುತ್ತನ್ನು, ಸ್ಟಿಚ್ಚಿನ ತಲೆಯಲ್ಲಿ ಕಾಣುವ ಎರಡು ಎಳೆಗಳಲ್ಲಿ ಹಿಂದಿನ ಎಳೆಗೆ ಮಾತ್ರ ಕಡ್ಡಿ ತೂರಿಸಿ ಹಾಕಿದರೆ ಮಡಿಕೆ ಚೊಕ್ಕವಾಗಿ ಬಂದು ಗೋಡೆ ನೆಟ್ಟಗೆ ಏಳುತ್ತದೆ. ಈ ಸುತ್ತನ್ನೂ ಸೇರಿಸಿ 60 ಸುತ್ತು, 112 ಸ್ಟಿಚ್ ಹಾಗೇ ಹೋಗಲಿ. ಅಗಲ ಸುಮಾರು 35 ಸೆಂ.ಮೀ., ಎತ್ತರ 33. ಸುತ್ತಿನ ಮೊದಲ ಸ್ಟಿಚ್ಚಿಗೆ ಸೇಫ್ಟಿ ಪಿನ್ ಸಿಕ್ಕಿಸು, ಐದು ಸುತ್ತಿಗೊಮ್ಮೆ ಎಣಿಸು. ಮೇಲೆ ಹೋಗುತ್ತಾ ಚೀಲ ಕಿರಿದಾಗುವುದಕ್ಕೆ ಕಾರಣ ಎರಡೇ: ಒಂದೊಂದು ಸ್ಟಿಚ್ ಬಿಟ್ಟುಹೋಗಿರುತ್ತದೆ, ಇಲ್ಲವೇ ದಣಿದ ಕೈ ಬಿಗಿಯಾಗಿರುತ್ತದೆ. ಎಣಿಕೆ 112 ಬಂದೂ ಅಗಲ ಕಡಿಮೆಯಾಗಿದ್ದರೆ ಅದು ಕೈಯ ಬಿಗಿ. ಕೊನೆಯ ಎರಡು ಸುತ್ತಿಗೆ 3.5 ಕಡ್ಡಿ. ಅದರ ಮೇಲೆ ಒಂದು ಸುತ್ತು ಸಿಂಗಲ್ ಕ್ರೋಶಾವನ್ನೇ ಹಿಮ್ಮುಖವಾಗಿ, ಎಡದಿಂದ ಬಲಕ್ಕೆ ಹಾಕು. ಹಗ್ಗ ಹೊಸೆದಂಥ ಅಂಚು ಬರುತ್ತದೆ, ಬಾಯಿ ಹಿಗ್ಗುವುದಿಲ್ಲ.

ಇನ್ನು ಬಹಳ ಜನರ ಚೀಲ ಸೊಟ್ಟಗಾಗುವ ಜಾಗಕ್ಕೆ ಬಂದೆವು. ತಿರುಗಿಸದೆ ಒಂದೇ ಸಮನೆ ಸುತ್ತು ಹಾಕುತ್ತಾ ಹೋದಾಗ ಪ್ರತಿ ಸ್ಟಿಚ್ಚೂ ಕೆಳಗಿನ ಸ್ಟಿಚ್ಚಿನ ನೇರ ಮೇಲೆ ಕೂರುವುದಿಲ್ಲ, ಬಲಗೈಯವರಿಗೆ ಒಂದಿಷ್ಟು ಬಲಕ್ಕೆ ಕೂರುತ್ತದೆ. ಒಂದು ಸುತ್ತಿನಲ್ಲಿ ಕಣ್ಣಿಗೆ ಕಾಣದು. 60 ಸುತ್ತಿಗೆ ನಿನ್ನ ಸೇಫ್ಟಿ ಪಿನ್ ಮಗ್ಗುಲು ಬಿಟ್ಟು ಮುಂಭಾಗದೊಳಕ್ಕೆ ಬಂದಿರುತ್ತದೆ. ತಳದ ತುದಿಯಿಂದ ಅದೇ ಸ್ಟಿಚ್ ಸಾಲನ್ನು ಹಿಡಿದು ಮೇಲೆ ಹೋಗಿ ಇದೇ ಮಧ್ಯ ಅಂತ ಗುರುತು ಮಾಡಿದರೆ ಸೊಂಡಿಲೂ ಓರೆ, ಹಿಡಿಯೂ ಓರೆ. ಚೀಲವನ್ನು ತಳದ ಎರಡು ತುದಿ ಎರಡು ಮಗ್ಗುಲಿಗೆ ಬರುವ ಹಾಗೆ ಚಪ್ಪಟೆ ಮಲಗಿಸು. ಬಾಯಿಯ ಹತ್ತಿರ ಮಡಿಕೆ ಎಲ್ಲಿ ಬೀಳುತ್ತದೋ ಅಲ್ಲಿ ಹೊಸದಾಗಿ ಪಿನ್ ಹಾಕು, ಎರಡು ಪಿನ್ನಿನ ನಡುವೆ 56 ಎಣಿಸು. ಅಳತೆಯೆಲ್ಲ ಆ ಪಿನ್ನಿನಿಂದ. ಬಣ್ಣದ ದಾರ ಬದಲಿಸುತ್ತಾ ಹೆಣಿಗೆಯಲ್ಲೇ ಆನೆಯ ಚಿತ್ರ ತರುವ ಗ್ರಾಫುಗಳೂ ಸಿಗುತ್ತವೆ, ನೋಡಲು ಬಲು ಚಂದ. ಆದರೆ ಇದೇ ವಾಲುವಿಕೆಯಿಂದ ಚಿತ್ರವೇ ವಾಲುತ್ತದೆ. ಮೊದಲ ಚೀಲಕ್ಕೆ ಮುಖದ ಭಾಗಗಳನ್ನು ಬೇರೆ ಹಾಕಿ ಹೊಲಿಯುವುದೇ ಸರಿ.

ಆನೆಯ ಮುಖಕ್ಕೆ ಬಂದೆ. ಹೊರದೇಶದ ಪ್ಯಾಟರ್ನುಗಳಲ್ಲಿ ಕಿವಿ ಭುಜ ಮುಚ್ಚುವಷ್ಟು ದೊಡ್ಡದಿದ್ದರೆ ಅದು ಆಫ್ರಿಕಾದ ಆನೆ. ಪುಟ್ಟಿ ನಾಗರಹೊಳೆಯಲ್ಲೋ ದುಬಾರೆಯಲ್ಲೋ ನೋಡುವ ನಮ್ಮ ಆನೆಯ ಕಿವಿ ಚಿಕ್ಕದು, ಕೆಳಗೆ ಹೋಗುತ್ತಾ ಮೊನಚು. ಹಣೆಯ ಮೇಲೆ ಎರಡು ಗುಬ್ಬು. ವಯಸ್ಸಾದಂತೆ ಕಿವಿಯಂಚು, ಸೊಂಡಿಲಿನ ಮೇಲೆ ಗುಲಾಬಿ ಚುಕ್ಕೆಗಳು. ನಮ್ಮ ಹೆಣ್ಣಾನೆಗೆ ಸಾಮಾನ್ಯವಾಗಿ ಹೊರಗೆ ಕಾಣುವ ದಂತ ಇರುವುದಿಲ್ಲ, ಹಾಗಾಗಿ ದಂತದ ಗೋಜಿಲ್ಲದೆ ಹೆಣ್ಣಾನೆಯನ್ನೇ ಮಾಡು. ಬಸ್ಸಿನಲ್ಲಿ ಸಿಕ್ಕಿಕೊಳ್ಳುವ ಭಾಗ ಒಂದು ಕಡಿಮೆಯಾದಂತೆ.

ಕಿವಿಗೆ 19 ಚೈನ್, ತಿರುಗಿ 18 ಸಿಂಗಲ್. 10 ಸಾಲು ಹಾಗೇ ಹಾಕಿ, ಆಮೇಲೆ 14 ಸಾಲು ಹೊರ ಅಂಚಿನಲ್ಲಿ ಮಾತ್ರ ಎರಡು ಸ್ಟಿಚ್ಚನ್ನು ಸೇರಿಸಿ ಒಂದು ಮಾಡಿ ಸಾಲಿಗೊಂದು ಕಡಿಮೆ ಮಾಡುತ್ತಾ ಬಾ, ಕೊನೆಗೆ 4 ಉಳಿಯುತ್ತದೆ. ಸಾಲು ತಿರುಗುವುದರಿಂದ ಹೊರ ಅಂಚು ಒಮ್ಮೆ ಸಾಲಿನ ಶುರುವಿಗೆ, ಒಮ್ಮೆ ಕೊನೆಗೆ ಬರುತ್ತದೆ. ಆ ಅಂಚಿಗೆ ಬಣ್ಣದ ದಾರ ಕಟ್ಟಿಕೊಂಡರೆ ಗೊಂದಲವಿಲ್ಲ. ಒಳ ಅಂಚು ಸುಮಾರು 13 ಸೆಂ.ಮೀ. ನೇರವಾಗಿರಬೇಕು. ಬೂದು ದಾರದಲ್ಲಿ ಎರಡು, ಗುಲಾಬಿಯಲ್ಲಿ ಎರಡು. ಒಂದು ಬೂದು, ಒಂದು ಗುಲಾಬಿ ಜೋಡಿಸಿ, ನೇರ ಅಂಚು ಬಿಟ್ಟು ಉಳಿದ ಅಂಚಿಗೆಲ್ಲ ಎರಡೂ ಪದರ ಸೇರಿಸಿ ಸಿಂಗಲ್ ಹಾಕು, ಮೂಲೆಯಲ್ಲಿ 3. ಒಂದೇ ಪದರದ ಕಿವಿ ಸುರುಟಿಕೊಳ್ಳುತ್ತದೆ, ಎರಡು ಪದರ ನೆಟ್ಟಗೆ ನಿಲ್ಲುತ್ತದೆ. ಒಳಗೆ ಏನೂ ತುಂಬಬೇಡ. ಗುಲಾಬಿ ಮುಂದೆ ಬಂದರೆ ಮಕ್ಕಳ ಚಿತ್ರದ ಆನೆ, ಬೂದು ಮುಂದಿಟ್ಟು ಅಂಚಿನಲ್ಲಿ ನಾಲ್ಕಾರು ಗುಲಾಬಿ ಗಂಟು ಕಸೂತಿ ಹಾಕಿದರೆ ಕಾಡಿನ ಆನೆ. ನನಗೆ ಎರಡನೆಯದೇ ಇಷ್ಟ.

ಸೊಂಡಿಲನ್ನು ತುದಿಯಿಂದ ಶುರು ಮಾಡು. ಮ್ಯಾಜಿಕ್ ರಿಂಗಿನಲ್ಲಿ (ಬಾಲ ಎಳೆದರೆ ಬಿಗಿಯಾಗುವ ದಾರದ ಕುಣಿಕೆ) 6, ಎರಡನೇ ಸುತ್ತಿಗೆ 12, ಎಂಟನೇ ಸುತ್ತಿನವರೆಗೆ 12 ಹಾಗೇ. 9, 12, 15, 18ನೇ ಸುತ್ತುಗಳಲ್ಲಿ ಮೂರು ಮೂರರಂತೆ ಹೆಚ್ಚಿಸಿದರೆ 24 ಆಗುತ್ತದೆ. ಅಲ್ಲಿಂದ 30ನೇ ಸುತ್ತಿನವರೆಗೆ ನೇರ. ಮೂರು ಸುತ್ತಿಗೊಮ್ಮೆ ಒಂದು ಸುತ್ತನ್ನು ಹಿಂದಿನ ಎಳೆಗೆ ಮಾತ್ರ ಹಾಕು; ಬಿಟ್ಟ ಮುಂದಿನ ಎಳೆ ಹೊರಗೆ ಗೆರೆಯಾಗಿ ಉಳಿದು ಸೊಂಡಿಲಿನ ಸುಕ್ಕು ಬರುತ್ತದೆ. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಫೈಬರ್ ತೆಳ್ಳಗೆ ಹಾಕು. ಹತ್ತಿ ತುಂಬಿದರೆ ಒಗೆದಾಗ ಉಂಡೆ ಕಟ್ಟುತ್ತದೆ, ಒಣಗುವುದೂ ನಿಧಾನ. ಮೇಲ್ಬಾಯಿಯನ್ನು ಚಪ್ಪಟೆ ಒತ್ತಿ ಎರಡೂ ಪದರ ಸೇರಿಸಿ ಮುಚ್ಚು. ಸೊಂಡಿಲು ತೂಗಾಡುವ ಹಾಗೆ ಬಿಡುವ ಆಸೆ ಎಲ್ಲರಿಗೂ ಇರುತ್ತದೆ. ಮಕ್ಕಳು ಅದನ್ನೇ ಹಿಡಿದು ಚೀಲ ಎತ್ತುತ್ತಾರೆ, ಹೊಲಿದ ಜಾಗ ಕಿತ್ತುಬರುತ್ತದೆ. ತುದಿಯನ್ನು ಒಂದು ಬದಿಗೆ ಸ್ವಲ್ಪ ಬಳುಕಿಸಿ, ಎರಡೂ ಮಗ್ಗುಲನ್ನು ಕೊನೆಯವರೆಗೆ ಹೊಲಿದುಬಿಡು.

ಜೋಡಿಸುವಾಗ ಚೀಲದೊಳಗೆ ಒಂದು ದಿಂಬು ತುರುಕು. ಚಪ್ಪಟೆ ಮಲಗಿಸಿ ಹೊಲಿದ ಮುಖ ಚೀಲ ತುಂಬಿದಾಗ ಎಳೆದುಕೊಳ್ಳುತ್ತದೆ. ಸೊಂಡಿಲಿನ ಮೇಲ್ತುದಿ ಬಾಯಿಯಿಂದ 12 ಸೆಂ.ಮೀ. ಕೆಳಗೆ, ಮಧ್ಯಕ್ಕೆ. ಅದೇ ಎತ್ತರದಲ್ಲಿ ಕಣ್ಣು, ಎರಡರ ನಡುವೆ 17 ಸ್ಟಿಚ್. ಕಿವಿಯ ನೇರ ಅಂಚು ಮಗ್ಗುಲಿನಿಂದ 8 ಸೆಂ.ಮೀ. ಒಳಗೆ, ಮೇಲ್ತುದಿ ಬಾಯಿಯಿಂದ 7 ಸೆಂ.ಮೀ. ಕೆಳಗೆ. ಎಲ್ಲವನ್ನೂ ಪಿನ್ ಮಾಡಿ ಐದು ಹೆಜ್ಜೆ ಹಿಂದೆ ಹೋಗಿ ನೋಡಿದ ಮೇಲೆಯೇ ಸೂಜಿ ಹಿಡಿ. ಮೊಂಡು ತುದಿಯ ಉಲ್ಲನ್ ಸೂಜಿ ಬೇಕು, ಚೂಪು ಸೂಜಿ ದಾರದ ಎಳೆಯನ್ನು ಸೀಳುತ್ತದೆ. ಪ್ಲಾಸ್ಟಿಕ್ ಕಣ್ಣಾದರೆ 12 ಮಿ.ಮೀ. ಸಾಕು, ಹಿಂದಿನ ಬಿಲ್ಲೆಯನ್ನು ಲೈನಿಂಗ್ ಹಾಕುವ ಮುಂಚೆಯೇ ಒತ್ತಿ ಕೂರಿಸಬೇಕು. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಕಪ್ಪು ದಾರದ ಕಸೂತಿ ಕಣ್ಣೇ ಸರಿ. ಹಣೆಯ ಎರಡು ಗುಬ್ಬಿಗೆ ಕಡು ಬೂದು ದಾರದಲ್ಲಿ ಎರಡು ಕಮಾನು ಗೆರೆ. ದಾರದ ತುದಿಗಳನ್ನು 15 ಸೆಂ.ಮೀ. ಬಿಟ್ಟು ಕತ್ತರಿಸಿ, ಹೆಣಿಗೆಯೊಳಗೆ ಮೂರು ದಿಕ್ಕಿಗೆ ತೂರಿಸಿ ಮುಗಿಸು. ಗಂಟೊಂದನ್ನೇ ನೆಚ್ಚಿದರೆ ಬಿಚ್ಚಿಕೊಳ್ಳುತ್ತದೆ.

ಉಳಿದದ್ದು ಭಾರ ಹೊರುವ ಕೆಲಸ. ಅದನ್ನು ಹೆಣಿಗೆಗೆ ಕೊಡಬೇಡ, ಲೈನಿಂಗಿಗೆ ಮತ್ತು ಪಟ್ಟಿಗೆ ಕೊಡು. ದಪ್ಪ ಕೋರಾ ಬಟ್ಟೆ ಒಂದು ಮೀಟರ್, 2.5 ಸೆಂ.ಮೀ. ಅಗಲದ ಹತ್ತಿ ಪಟ್ಟಿ 3 ಮೀಟರ್. ಎರಡನ್ನೂ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಯೇ ಕತ್ತರಿಸು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ ಚೀಲವನ್ನೇ ಮುದುರಿಸುತ್ತದೆ. ಬಟ್ಟೆ 38 ಸೆಂ.ಮೀ. ಅಗಲ, 72 ಸೆಂ.ಮೀ. ಉದ್ದ. ಉದ್ದದ ಎರಡೂ ಅಂಚಿನಿಂದ 10.5 ಸೆಂ.ಮೀ. ಒಳಗೆ ಒಂದೊಂದು ಗೆರೆ ಎಳೆದು, ಪಟ್ಟಿಯ ನಡು ಆ ಗೆರೆಯ ಮೇಲೆ ಬರುವ ಹಾಗೆ ಇಟ್ಟು ಮಿಷನ್ನಿನಲ್ಲಿ ಹೊಲಿ. ಬಟ್ಟೆಯ ಎರಡೂ ಕೊನೆಯಲ್ಲಿ 60 ಸೆಂ.ಮೀ. ಪಟ್ಟಿ ಕುಣಿಕೆಯಾಗಿ ಹೊರಗುಳಿಯಲಿ, ಅದೇ ಹಿಡಿ. ಪಟ್ಟಿಯ ಜೋಡಣೆ ತಳದ ಕಡೆ ಬರಲಿ. ಹೊಲಿಯುವಾಗ ಕೊನೆಯ 2 ಸೆಂ.ಮೀ. ಬಿಟ್ಟುಕೊಂಡಿರು, 1.5 ಸೆಂ.ಮೀ. ಅಂಚು ಮಡಚಬೇಕಲ್ಲ. ಮಡಚಿದ ಮೇಲೆ ಅಲ್ಲಿ ಚೌಕ ಹೊಲಿದು ಒಳಗೆ ಅಡ್ಡ ಗೆರೆ ಎರಡು ಹಾಕು. ಆಮೇಲೆ ಬಟ್ಟೆಯನ್ನು ಅರ್ಧಕ್ಕೆ ಮಡಚು, ಪಟ್ಟಿ ಒಳಗೆ ಬರುವುದು ಬೇಡ. ಪಟ್ಟಿ ಹೊರಗಿರಲಿ, ಅದು ಹೆಣಿಗೆಗೂ ಬಟ್ಟೆಗೂ ನಡುವೆ ಮರೆಯಾಗುತ್ತದೆ. ಎರಡು ಮಗ್ಗುಲು 1.5 ಸೆಂ.ಮೀ. ಬಿಟ್ಟು ಹೊಲಿದು, ತಳದ ಮೂಲೆಗಳನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ 6.5 ಸೆಂ.ಮೀ. ಅಗಲಕ್ಕೆ ಅಡ್ಡ ಹೊಲಿ.

ಇದನ್ನು ಚೀಲದೊಳಗಿಟ್ಟು ಬಾಯಿಯಿಂದ 1 ಸೆಂ.ಮೀ. ಕೆಳಗೆ ಕೈಹೊಲಿಗೆ ಹಾಕಿದರೆ, ಲೈನಿಂಗಿನ ತಳ ಹೆಣಿಗೆಯ ತಳಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ. ಆ ಒಂದು ಸೆಂಟಿಮೀಟರ್ ಬಹಳ ಮುಖ್ಯ. ಒಳಗೆ ಎಷ್ಟೇ ತುಂಬಿದರೂ ಭಾರ ಬಟ್ಟೆಯಿಂದ ಪಟ್ಟಿಗೆ, ಪಟ್ಟಿಯಿಂದ ಹೆಗಲಿಗೆ ಹೋಗುತ್ತದೆ, ಹೆಣಿಗೆಗೆ ಬೀಳುವುದೇ ಇಲ್ಲ. ಲೈನಿಂಗ್ ಸಡಿಲವಾಗಿದ್ದರೆ ಹಾಕಿಯೂ ಹಾಕದಂತೆ. ಹಿಡಿಗೆ 97 ಚೈನ್, 96 ಸಿಂಗಲ್, 10 ಸಾಲಿನ ಎರಡು ಪಟ್ಟಿ ಹಾಕಿ ಹತ್ತಿ ಪಟ್ಟಿಯ ಸುತ್ತ ಮಡಚಿ ಅಂಚು ಹೊಲಿ. ಪಟ್ಟಿ ಬಾಯಿ ದಾಟುವ ನಾಲ್ಕು ಕಡೆಯೂ ಹೆಣಿಗೆಗೆ ಗಟ್ಟಿಯಾಗಿ ನಾಲ್ಕಾರು ಹೊಲಿಗೆ ಹಾಕು.

ಒಗೆಯುವುದು ತಣ್ಣೀರಿನಲ್ಲಿ, ಕೈಯಲ್ಲಿ. ಹಿಂಡಬೇಡ, ಟವೆಲಿನಲ್ಲಿ ಸುತ್ತಿ ಒತ್ತು. ಒದ್ದೆ ಹತ್ತಿ ಬಲು ಭಾರ, ಹಿಡಿಯಿಂದ ನೇತುಹಾಕದೆ ನೆರಳಿನಲ್ಲಿ ಮಲಗಿಸಿ ಒಣಗಿಸು. ತಳದ ಆರು ಸುತ್ತು ಮುಗಿದಾಗ ಒಂದು ಫೋಟೋ ಕಳಿಸು, ಎಣಿಕೆ ನೋಡಿ ಹೇಳುತ್ತೇನೆ. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಗೆಳತಿ