ಅಳುವವರನ್ನು ತಡೆಯುವುದೇಕೆ?

ಮಾನ್ಯ ಸಂಪಾದಕರೇ,

ಆಪ್ತರನ್ನು ಕಳೆದುಕೊಂಡವರಿಗೆ ‘ಇದು ದೇವರ ಚಿತ್ತ, ಅಳಬೇಡಿ’ ಎನ್ನುವುದು ಕ್ರೈಸ್ತರಲ್ಲಿ ಅನೇಕರಿಗೆ ರೂಢಿಯಾಗಿಬಿಟ್ಟಿದೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು; ಆದರೆ ಬೈಬಲ್ ಇಂಥ ಅವಸರದ ಸಾಂತ್ವನವನ್ನು ಬೆಂಬಲಿಸುವುದಿಲ್ಲ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ, ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನಗಳಾದ ಮೇಲೆ ಬೇಥಾನ್ಯಕ್ಕೆ ಬಂದ ಯೇಸು, ತಾನು ಅವನನ್ನು ಸಾವಿನಿಂದ ಎಬ್ಬಿಸಲಿರುವುದು ತಿಳಿದಿದ್ದರೂ, ಲಾಜರನ ಸಹೋದರಿ ಮರಿಯಳೂ ಅವಳೊಂದಿಗಿದ್ದವರೂ ಅಳುವುದನ್ನು ಕಂಡು ತಾನೂ ಕಣ್ಣೀರಿಟ್ಟನು. ನೀನು ಇಲ್ಲಿದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ ಎಂದು ಮಾರ್ಥಳೂ ಮರಿಯಳೂ ಹೇಳಿದಾಗ ಆತ ಅವರನ್ನು ಗದರಿಸಲಿಲ್ಲ. ಮುಂದೆ ಶಿಲುಬೆಯ ಮೇಲೆ ಆತನೇ ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 22ನೆಯದರ ಮೊದಲ ಸಾಲನ್ನು, ‘ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ’ ಎಂಬ ಮೊರೆಯನ್ನು, ತನ್ನದಾಗಿಸಿಕೊಂಡನು. ದೇವರ ಕರುಣೆ ದುಃಖದಿಂದ ದೂರ ನಿಂತು ನೋಡುವಂಥದ್ದು ಎಂದು ಇದನ್ನೆಲ್ಲ ಓದಿದವರು ಹೇಗೆ ನಂಬಬಲ್ಲರೋ ನನಗಂತೂ ಅರ್ಥವಾಗಿಲ್ಲ.

ಅಪೊಸ್ತಲನಾದ ಪೌಲನು ಥೆಸಲೋನಿಕ ಪಟ್ಟಣದ ಕ್ರೈಸ್ತರಿಗೆ ಬರೆದದ್ದು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದೇ ಹೊರತು ದುಃಖಿಸಲೇಬೇಡಿ ಎಂದಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರಾದರೋ ಏಳು ದಿನ ಅವನೊಂದಿಗೆ ಮೌನವಾಗಿ ನೆಲದ ಮೇಲೆ ಕುಳಿತಿದ್ದರು. ದೇವರು ಸಿಟ್ಟಾದದ್ದು ಆಮೇಲೆ ಅವರು ಆಡಿದ ಮಾತುಗಳಿಗೆ.

88ನೇ ಕೀರ್ತನೆ ಯಾವ ಸಮಾಧಾನವೂ ಸಿಗದೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಅಂತ್ಯಕ್ರಿಯೆಯ ಆರಾಧನೆಗಳಲ್ಲಿ ಪುನರುತ್ಥಾನದ ವಚನಗಳ ಜೊತೆಗೆ ಇಂಥ ಪ್ರಲಾಪದ ಕೀರ್ತನೆಗಳನ್ನೂ ಓದುವ ಪದ್ಧತಿಯನ್ನು ಗುರುಗಳೂ ಸಭಾಪಾಲಕರೂ ಬೆಳೆಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ