ಭಾನುವಾರದ ಓದು: ನದಿಗಳೇ ಮಾತಾಡುವ ಪತ್ತೇದಾರಿ ಕಥೆ

ಸದಸ್ಯರೆಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಐದಕ್ಕೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಸೇರೋಣ. ಮಳೆ ಹಿಡಿದರೆ ನಮ್ಮ ಮನೆಯ ಜಗುಲಿ ಇದ್ದೇ ಇದೆ.

ಈ ಸಲದ ಲೇಖಕರು ಲಂಡನ್ನಿನ ಬೆನ್ ಆರೊನೊವಿಚ್. 1988ರಲ್ಲೇ ಬಿಬಿಸಿ ಟಿವಿಯ 'ಡಾಕ್ಟರ್ ಹೂ' ಧಾರಾವಾಹಿಗೆ ಕಥೆ ಬರೆದವರು. ಮುಂದೆ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದು ಬೇರೆಯವರ ಕಾದಂಬರಿಗಳನ್ನು ಮಾರಿದರು. 2011ರಲ್ಲಿ 'ರಿವರ್ಸ್ ಆಫ್ ಲಂಡನ್' (ಲಂಡನ್ನಿನ ನದಿಗಳು) ಕಾದಂಬರಿ ಬಂದ ಮೇಲೆ ಅವರ ದೆಸೆ ತಿರುಗಿತು. ಅದರಿಂದ ಶುರುವಾದ ಸರಣಿ ಇನ್ನೂ ಬೆಳೆಯುತ್ತಿದೆ, ನಡುವೆ ಕಾಮಿಕ್ಸ್ ಪುಸ್ತಕಗಳೂ ಇವೆ. ಎಲ್ಲವನ್ನೂ ಓದಿ ಬನ್ನಿ ಎನ್ನುವುದಿಲ್ಲ, ಮೊದಲನೆಯದು ಸಾಕು.

ಪೀಟರ್ ಗ್ರಾಂಟ್ ಎಂಬ ಹೊಸ ಪೊಲೀಸ್ ಪೇದೆ ಕೊಲೆಯ ಸ್ಥಳದಲ್ಲಿ ಕಾವಲಿದ್ದಾಗ ಸಾಕ್ಷಿ ಹೇಳಲು ಬರುವುದೇ ಒಂದು ದೆವ್ವ! ಅಲ್ಲಿಂದ ಅವನಿಗೆ ಮಂತ್ರವಿದ್ಯೆಯ ತರಬೇತಿ. ಆದರೆ ನನ್ನನ್ನು ಹಿಡಿದಿಟ್ಟದ್ದು ಕೊಲೆಯಲ್ಲ, ನದಿಗಳು. ಥೇಮ್ಸ್ ಇಲ್ಲಿ ಗತ್ತಿನ ತಾಯಿ. ಲಂಡನ್ನಿನೊಳಗಿನ ಉಪನದಿಗಳು ಅವಳ ಹೆಣ್ಣುಮಕ್ಕಳು. ನಗರದಡಿ ಹೂತುಹೋದ ಟೈಬರ್ನ್ ನದಿ ಕೂಡ ಠೀವಿಯಿಂದ ಓಡಾಡುತ್ತಾಳೆ. ನದಿಯನ್ನು ತಾಯಿ ಎನ್ನುವ ನಮಗೆ ಇದು ಹೊಸತಲ್ಲ, ಆದರೆ ಪೊಲೀಸರು ಅವಳ ಹೇಳಿಕೆ ಪಡೆಯುವುದು ಹೊಸತು.

ಬರುವಾಗ ಒಂದು ಪುಟ ಬರೆದು ತನ್ನಿ: ನಮ್ಮ ನದಿಗಳಾದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಒಂದೇ ಮನೆಯಲ್ಲಿ ಕೂತರೆ ಏನು ಮಾತಾಡಿಯಾರು? ಸೂಪಾ, ಕದ್ರಾ ಅಣೆಕಟ್ಟೆಗಳ ಬಗ್ಗೆ ಕಾಳಿಯ ದೂರೇ ಹತ್ತು ಪುಟವಾದೀತು, ಅಷ್ಟು ಬೇಡ. ಪುಸ್ತಕದ ಪ್ರತಿ ನನ್ನ ಬಳಿ ಒಂದೇ ಇದೆ, ಕೊಂಡೊಯ್ದವರು ದಯವಿಟ್ಟು ಶುಕ್ರವಾರದೊಳಗೆ ಮರಳಿಸಿ.